ಅಮೆರಿಕದಲ್ಲಿ ಇಂಗ್ಲಿಷ್ ಪಿಎಚ್‌ಡಿ: ಅಡ್ವೈಸರ್ ಜೊತೆ, ರೂಲ್ಸ್ ಜೊತೆ ಏಗುವುದು ಹೇಗೆ

ಅಮೆರಿಕದ ಯೂನಿವರ್ಸಿಟಿಯ ಇಂಗ್ಲಿಷ್ ವಿಭಾಗಕ್ಕೆ ಎಂಎಗೋ ಪಿಎಚ್‌ಡಿಗೋ ಸೇರಿದ್ದೀರಾ? ಮೊದಲ ವಾರವೇ ಗ್ರ್ಯಾಜುಯೇಟ್ ಹ್ಯಾಂಡ್‌ಬುಕ್ (ವಿಭಾಗದ ನಿಯಮಗಳ ಪುಸ್ತಕ) ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನೀವು ಸೇರಿದ ವರ್ಷದ್ದೇ ಆಗಬೇಕು. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದರೆ ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ಸೇರಿದ ವರ್ಷದ ನಿಯಮ. ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಹಳೇ ಪ್ರತಿ ಸಿಗದೇ ಹೋಗಬಹುದು.

ಪೂರ್ತಿ ಓದಬೇಕಿಲ್ಲ, ಯಾರೂ ಓದುವುದಿಲ್ಲ ಬಿಡಿ. ಎಷ್ಟು ಕ್ರೆಡಿಟ್ ಬೇಕು, ಫಂಡಿಂಗ್ ಎಷ್ಟು ವರ್ಷ, ಕಾಂಪ್ರಹೆನ್ಸಿವ್ ಪರೀಕ್ಷೆ (ಥೀಸಿಸ್‌ಗೆ ಮೊದಲು ನಿಮ್ಮ ಓದನ್ನು ಅಳೆಯುವ ಪರೀಕ್ಷೆ) ಯಾವಾಗ, ಪ್ರಾಸ್ಪೆಕ್ಟಸ್ (ಥೀಸಿಸ್‌ನ ಯೋಜನೆ) ಯಾವಾಗ, ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಕಡ್ಡಾಯವಾ, ಇಷ್ಟು ನೋಡಿ. ಭಾಷೆ ಕಡ್ಡಾಯವಾಗಿದ್ದರೆ ಕನ್ನಡ ನಡೆಯುತ್ತದಾ ಅಂತ ಕೇಳಲು ಸಂಕೋಚ ಬೇಡ. ಸಂಶೋಧನೆಗೆ ಉಪಯೋಗವಿದೆ ಅಂತ ತೋರಿಸಬೇಕಾಗಬಹುದು, ಅಷ್ಟೇ.

ಇನ್ನು ಜನ. ಅಡ್ವೈಸರ್ ಅಂದರೆ ನಾವು ಗೈಡ್ ಅಂತೀವಲ್ಲ, ಅವರೇ. ಹೊಸಬರು ಮಾಡುವ ತಪ್ಪೆಂದರೆ ಎಲ್ಲದಕ್ಕೂ ಅವರನ್ನೇ ಕೇಳುವುದು. ಅವರು ದೊಡ್ಡ ವಿದ್ವಾಂಸರೇ ಇರಬಹುದು, ಆದರೆ ಯಾವ ಫಾರ್ಮ್‌ಗೆ ಯಾವತ್ತು ಕೊನೇ ದಿನ ಅನ್ನುವುದು ಅವರಿಗೆ ಗೊತ್ತಿರುತ್ತದೆ ಅನ್ನುವ ಭರವಸೆ ಇಲ್ಲ. ಅದು ಗೊತ್ತಿರುವುದು ಆಫೀಸಿನ ಗ್ರ್ಯಾಜುಯೇಟ್ ಕೋಆರ್ಡಿನೇಟರ್‌ಗೆ. ನಿಯಮಕ್ಕೆ ವಿನಾಯಿತಿ ಬೇಕಾದರೆ ಡೈರೆಕ್ಟರ್ ಆಫ್ ಗ್ರ್ಯಾಜುಯೇಟ್ ಸ್ಟಡೀಸ್ ಹತ್ತಿರ ಹೋಗಬೇಕು. ಬಾಯಿಮಾತಿನ 'ಪರವಾಗಿಲ್ಲ'ಕ್ಕೆ ಬೆಲೆ ಇಲ್ಲ, ಈಮೇಲ್‌ನಲ್ಲಿ ಬರೆಸಿಕೊಳ್ಳಿ.

ಅಡ್ವೈಸರನ್ನು ಕಾಣುವ ಎರಡು ದಿನ ಮೊದಲು ಅರ್ಧ ಪುಟ ಕಳಿಸಿ: ಏನು ಬರೆದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ನಿಮ್ಮಿಂದ ಏನು ಬೇಕು. 'ಬರೆದಾದಾಗ ಕಳಿಸಿ' ಅಂದರೆ ಒಪ್ಪಬೇಡಿ, ನೀವೇ ಒಂದು ತಾರೀಕು ಹೇಳಿ. ಮಾತಾಡಿ ಬಂದ ದಿನವೇ, ಇಂತಿಂಥದ್ದು ಮಾತಾಡಿಕೊಂಡೆವು ಅಂತ ನಾಲ್ಕು ಸಾಲಿನ ಈಮೇಲ್ ಹಾಕಿ. ಸ್ವಲ್ಪ ಅತಿ ಅನ್ನಿಸುತ್ತದೆ, ಆದರೆ ಅವರು ಒಂದು ವರ್ಷ ರಜೆ ಮೇಲೆ ಹೋಗಿ ಬಂದು 'ನಾನು ಹಾಗೆ ಹೇಳಿದ್ನಾ?' ಅಂದಾಗ ಅದೇ ಕೈಹಿಡಿಯುತ್ತದೆ.

ಇಂಗ್ಲಿಷ್ ವಿಭಾಗದ ದೊಡ್ಡ ಬಲೆ ಇನ್‌ಕಂಪ್ಲೀಟ್, ಅಂದರೆ ಕೋರ್ಸಿನ ಕೆಲಸ ಮುಗಿಸದೇ ಬಾಕಿ ಇಟ್ಟುಕೊಳ್ಳುವುದು. ಸೆಮಿನಾರಿನ ಇಪ್ಪತ್ತು ಪುಟದ ಪೇಪರ್ ಮುಗಿಯಲಿಲ್ಲ, ಪ್ರೊಫೆಸರ್ ಒಳ್ಳೆಯವರು, 'ಐ' ಗ್ರೇಡ್ ಕೊಟ್ಟು ಸಮಯ ಕೊಡುತ್ತಾರೆ. ಅಷ್ಟರಲ್ಲಿ ಮುಂದಿನ ಸೆಮಿಸ್ಟರ್ ಶುರು, ಮೂರು ಹೊಸ ಪೇಪರ್, ಮೇಲೆ ಪಾಠ ಮಾಡುವ ಕೆಲಸ. ಆರು ತಿಂಗಳಾದ ಮೇಲೆ ನಿಮ್ಮ ಟಿಪ್ಪಣಿ ನಿಮಗೇ ಅರ್ಥವಾಗುವುದಿಲ್ಲ. ಎಷ್ಟೋ ಕಡೆ ಗಡುವು ದಾಟಿದರೆ 'ಐ' ತಾನಾಗಿಯೇ 'ಎಫ್' (ಫೇಲ್) ಆಗುತ್ತದೆ, ಫಂಡಿಂಗಿಗೂ ಕುತ್ತು. ಸಾಧಾರಣ ಪೇಪರನ್ನೇ ಸಮಯಕ್ಕೆ ಕೊಟ್ಟುಬಿಡಿ.

ಎಫ್-1 (ವಿದ್ಯಾರ್ಥಿ) ವೀಸಾದವರು ಕೋರ್ಸ್ ಬಿಡುವ ಮೊದಲೇ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಬಿಟ್ಟ ಮೇಲಲ್ಲ. ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ದಾಟುವಂತಿಲ್ಲ.

ಅಡ್ವೈಸರ್ ಜೊತೆ ಹೊಂದುತ್ತಿಲ್ಲವಾ? ಬದಲಾಯಿಸಬಹುದು, ಅದೇನು ದ್ರೋಹವಲ್ಲ. ಮೊದಲು ಡೈರೆಕ್ಟರ್ ಹತ್ತಿರ ಮಾತಾಡಿ, ಹೊಸಬರು ಒಪ್ಪಿದ ಮೇಲೆ ಹಳಬರಿಗೆ ಚಿಕ್ಕದಾಗಿ ಥ್ಯಾಂಕ್ಸ್ ಬರೆಯಿರಿ. ಕಾರಣದ ಪಟ್ಟಿ ಬೇಡ. ಕಮಿಟಿ (ನಿಮ್ಮ ಥೀಸಿಸ್ ನೋಡುವ ಪ್ರೊಫೆಸರ್‌ಗಳ ತಂಡ) ಮಾಡುವಾಗ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಅಂತ ಸೀನಿಯರ್‌ಗಳನ್ನು ಕೇಳಿ, ಇದು ಯಾವ ಹ್ಯಾಂಡ್‌ಬುಕ್‌ನಲ್ಲೂ ಇರುವುದಿಲ್ಲ. ವಾರ್ಷಿಕ ವರದಿಯಲ್ಲಿ ನಿಮ್ಮ ಬಗ್ಗೆ ಏನು ಬರೆದಿದ್ದಾರೋ ಅನ್ನುವ ಅನುಮಾನ ಇದ್ದರೆ, ಫರ್ಪಾ ಅನ್ನುವ 1974ರ ಕಾನೂನಿನ ಪ್ರಕಾರ ನಿಮ್ಮ ದಾಖಲೆ ನೋಡುವ ಹಕ್ಕು ನಿಮಗಿದೆ. ಲಿಖಿತವಾಗಿ ಕೇಳಿ, 45 ದಿನದೊಳಗೆ ತೋರಿಸಬೇಕು.