ಅಟ್ಟದ ಮೇಲೆ ಆರು ವಾರ

ನಾನು ಮಾಡಿದ ಮೊದಲ ಸೋಪನ್ನು ನಾಲಿಗೆ ತುದಿಗೆ ಮುಟ್ಟಿಸಿದಾಗ ಚುರ್ ಅಂದಿತ್ತು. ಚಿಕ್ಕವರಿದ್ದಾಗ ರೇಡಿಯೋದ ಚೌಕ ಬ್ಯಾಟರಿಯನ್ನು ನೆಕ್ಕಿ ನೋಡುತ್ತಿದ್ದೆವಲ್ಲ, ಥೇಟ್ ಅದೇ ಥರ. ಕಾಸ್ಟಿಕ್ ಸೋಡಾ ಇನ್ನೂ ಒಳಗೆ ಉಳಿದಿದೆ ಅಂತ ಅದರ ಅರ್ಥ. ಮೈಗೆ ಹಚ್ಚುವ ಹಾಗಿರಲಿಲ್ಲ.

ಈ ಉಸಾಬರಿಗೆ ಇಳಿದಿದ್ದು ನನ್ನ ಕಾಲಿನ ದೆಸೆಯಿಂದ. ಚಳಿ ಬಂತೆಂದರೆ ಮೊಣಕಾಲಿನ ಕೆಳಗೆ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುವಷ್ಟು ಒಣಗುತ್ತದೆ. ಸ್ನಾನ ಮಾಡಿ ಬಂದರೆ ಚರ್ಮ ಬಿಗಿಬಿಗಿ. ಅಜ್ಜಿ ಇದ್ದಿದ್ದರೆ ಕಡಲೆಹಿಟ್ಟು ಹಚ್ಚಿಕೋ ಅನ್ನುತ್ತಿದ್ದಳು. ನನಗೆ ಸೋಪೇ ಬೇಕು, ಏನು ಮಾಡೋದು!

ಕೋಲ್ಡ್ ಪ್ರೋಸೆಸ್ ಅಂದರೆ ಒಲೆ ಮೇಲೆ ಕುದಿಸದೆ ಮಾಡುವ ವಿಧಾನ. ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಸೇರಿಸಿದರೆ ಎರಡೂ ಕೂಡಿ ಸೋಪು ಮತ್ತು ಗ್ಲಿಸರಿನ್ ಆಗುತ್ತವೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಸಾಮಾನ್ಯವಾಗಿ ಆ ಗ್ಲಿಸರಿನ್ ಬೇರೆ ಮಾಡಿ ತೆಗೆಯುತ್ತಾರೆ. ನಮ್ಮದರಲ್ಲಿ ಅದು ಅಲ್ಲೇ ಉಳಿಯುತ್ತದೆ.

ನನ್ನ ಅಳತೆ ಹೀಗಿತ್ತು: ತೆಂಗಿನೆಣ್ಣೆ 400 ಗ್ರಾಂ, ಆಲಿವ್ ಎಣ್ಣೆ 500, ಹರಳೆಣ್ಣೆ 100. ಇದಷ್ಟೂ ಸೋಪಾಗಲು 153 ಗ್ರಾಂ ಕಾಸ್ಟಿಕ್ ಬೇಕು. ನಾವು ಬೇಕಂತಲೇ 5 ಪರ್ಸೆಂಟ್ ಕಮ್ಮಿ, ಅಂದರೆ 145 ಗ್ರಾಂ ಹಾಕುತ್ತೇವೆ. ಆಗ ಒಂಚೂರು ಎಣ್ಣೆ ಸೋಪಾಗದೆ ಹಾಗೇ ಉಳಿಯುತ್ತದೆ. ಇದಕ್ಕೆ ಸೂಪರ್‌ಫ್ಯಾಟ್ ಅನ್ನುತ್ತಾರೆ. ನೀರು 290 ಗ್ರಾಂ.

ಇಷ್ಟೆಲ್ಲ ಓದಿಕೊಂಡೂ ಎಡವಿದ್ದೆಲ್ಲಿ ಗೊತ್ತಾ? ಕಾಸ್ಟಿಕ್ಕನ್ನು ತಕ್ಕಡಿಯಲ್ಲಿ ತೂಗಿದೆ. ಎಣ್ಣೆಯನ್ನು ಮಾತ್ರ ಅಳತೆ ಲೋಟದಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಸುರಿದೆ. ಎಣ್ಣೆ ನೀರಿಗಿಂತ ಹಗುರ. ಸಾವಿರ ಮಿಲಿಲೀಟರ್ ಸುರಿದರೂ ತೂಕದಲ್ಲಿ ಸಿಕ್ಕಿದ್ದು 920 ಗ್ರಾಂ ಆಸುಪಾಸು. ಅಷ್ಟು ಎಣ್ಣೆಗೆ 141 ಗ್ರಾಂ ಕಾಸ್ಟಿಕ್ ಸಾಕು, ನಾನು ಹಾಕಿದ್ದು 145. ಉಳಿಸಬೇಕಿದ್ದ ಎಣ್ಣೆಯೂ ಹೋಯ್ತು, ಮೇಲೆ 4 ಗ್ರಾಂ ಕಾಸ್ಟಿಕ್ ಜಾಸ್ತಿಯಾಯ್ತು.

ಬಿಸಾಡಲು ಮನಸ್ಸಾಗಲಿಲ್ಲ. ಗ್ಲೌಸ್ ಹಾಕಿಕೊಂಡು ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಕಮ್ಮಿ ಬಿದ್ದಿದ್ದ 80 ಗ್ರಾಂ ಎಣ್ಣೆ ಸೇರಿಸಿದೆ. ಗಂಟುಗಂಟಾದ ರಾಗಿ ಮುದ್ದೆ ಥರ ಕಾಣುತ್ತಿತ್ತು. ಆಮೇಲೆ ನಾಲಿಗೆಗೆ ಮುಟ್ಟಿಸಿದರೆ ಚುರ್ ಅನ್ನಲಿಲ್ಲ, ಬರೀ ಸೋಪಿನ ರುಚಿ.

ಎರಡನೇ ಸಲ ಎಲ್ಲವನ್ನೂ ತೂಗಿದೆ, ನೀರನ್ನೂ. ಕಿಟಕಿ ತೆರೆದು, ಕನ್ನಡಕ, ಗ್ಲೌಸ್ ಹಾಕಿ, ಸ್ಟೀಲ್ ಪಾತ್ರೆಯಲ್ಲಿ ನೀರಿಗೆ ಸ್ವಲ್ಪಸ್ವಲ್ಪವೇ ಕಾಸ್ಟಿಕ್ ಹಾಕಿದೆ. ಕಾಸ್ಟಿಕ್ ಮೇಲೆ ನೀರು ಸುರಿಯಲೇಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಒಲೆ ಹಚ್ಚದೆಯೇ ನೀರು 80 ಡಿಗ್ರಿ ದಾಟುತ್ತದೆ. ಅದು ಆರಿ 40ರ ಹತ್ತಿರ ಬರುವವರೆಗೆ ಕಾದು ಎಣ್ಣೆಗೆ ಸುರಿದೆ. ಹ್ಯಾಂಡ್ ಬ್ಲೆಂಡರಿನಲ್ಲಿ ಸ್ವಲ್ಪ ಹೊತ್ತು ತಿರುಗಿಸಿದ್ದಕ್ಕೇ ದೋಸೆ ಹಿಟ್ಟಿನ ಹದ ಬಂತು. ಮೇಲಿಂದ ಇಳಿಬಿಟ್ಟರೆ ಗೆರೆ ಮುಳುಗದೆ ನಿಲ್ಲಬೇಕು. ಈ ಹದಕ್ಕೇ ಟ್ರೇಸ್ ಅನ್ನುತ್ತಾರೆ.

ಚಂದದ ಹಳದಿ ಬಣ್ಣ ಬರಲಿ ಅಂತ ಅರಿಶಿನ ಹಾಕಿದೆ. ಕ್ಷಣದಲ್ಲಿ ಕೆಂಪಾಯ್ತು! ಗಾಬರಿಯಾಗಿ ಆಮೇಲೆ ನಕ್ಕೆ. ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಅಲ್ವಾ ಕುಂಕುಮ ಮಾಡೋದು? ಕಾಸ್ಟಿಕ್ ಕೂಡ ಸುಣ್ಣದ ಹಾಗೇ ಕ್ಷಾರ. ದಿನ ಕಳೆದಂತೆ ಕೆಂಪು ಇಳಿದು ಮಂಕು ಕಿತ್ತಳೆಗೆ ಬಂದು ನಿಂತಿತು.

ಹಾಲಿನ ಡಬ್ಬಕ್ಕೆ ಹೊಯ್ದು, ಟವೆಲ್ ಸುತ್ತಿ, ಮಾರನೇ ದಿನ ಕತ್ತರಿಸಿದೆ. ಆಮೇಲಿನದು ಬರೀ ಕಾಯುವ ಕೆಲಸ. ನಾಲ್ಕರಿಂದ ಆರು ವಾರ ಗಾಳಿಯಾಡಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಸೋಪು ಒಣಗುತ್ತಾ? ಗ್ಲಿಸರಿನ್ ಗಾಳಿಯ ತೇವ ಎಳೆದು ಸೋಪಿನ ಮೇಲೆ ಬೆವರಿನಂತೆ ಹನಿ ಕೂತಿತ್ತು. ಅಡುಗೆಮನೆ ಮೇಲಿನ ಅಟ್ಟಕ್ಕೆ ಸಾಗಿಸಿದೆ. ಒಲೆ ಕಾವಿಗೆ ಒಣಗಿತು, ಜೊತೆಗೆ ಒಗ್ಗರಣೆಯ ಘಮವನ್ನೂ ಒಂದಿಷ್ಟು ಹೀರಿಕೊಂಡಿತು.

ಈಗ ಚರ್ಮದ ವಿಷಯ. ಸ್ನಾನದ ನಂತರದ ಬಿಗಿತ ನನಗೆ ಸ್ಪಷ್ಟವಾಗಿ ಕಮ್ಮಿಯಾಗಿದೆ. ಉಳಿದ ಎಣ್ಣೆ, ಗ್ಲಿಸರಿನ್ ಇವೆರಡರ ಕೆಲಸ ಅದು ಅಂದುಕೊಂಡಿದ್ದೇನೆ. ಆದರೆ ಕಲೆ ಹೋಗುತ್ತದೆ, ಬೆಳ್ಳಗಾಗುತ್ತೀರಿ, ಇಸುಬು ವಾಸಿಯಾಗುತ್ತದೆ ಅನ್ನುವವರ ಮಾತು ನಾನು ನಂಬುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಇಂಥ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಾದರೆ ಕ್ಷಾರ) 9ರಿಂದ 10. ನಮ್ಮ ಚರ್ಮದ್ದು 5ರ ಆಸುಪಾಸು. ಹಾಗಾಗಿ ಮುಖಕ್ಕೆ ನಾನು ಹಚ್ಚಲ್ಲ. ಅರಿಶಿನವೂ ಬಣ್ಣಕ್ಕಷ್ಟೇ, ಅರ್ಧ ನಿಮಿಷದಲ್ಲಿ ತೊಳೆದು ಹೋಗುವುದು ಮೈಗೆ ಏನು ಮಾಡೀತು? ಚಳಿಗಾಲದಲ್ಲಿ ಕಾಲಿಗೆ ಎಣ್ಣೆ ಹಚ್ಚುವುದನ್ನಂತೂ ಬಿಟ್ಟಿಲ್ಲ.

ಬೆಂಗಳೂರಿನ ತಂಗಿಗೆ ನಾಲ್ಕು ಬಿಲ್ಲೆ ಕಳಿಸಿದ್ದೆ. "ನೊರೆನೇ ಬರಲ್ಲ ಕಣೇ, ಬಕೆಟ್ ತುಂಬಾ ಬಿಳಿ ಕೆನೆ" ಅಂದಳು. ಅವರದು ಬೋರ್‌ವೆಲ್ ನೀರು, ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸೋಪನ್ನು ಹಾಗೆ ಕೆನೆ ಮಾಡಿಬಿಡುತ್ತದೆ. ತೆಂಗಿನೆಣ್ಣೆ ಸೋಪು ಅಂಥ ನೀರಲ್ಲೂ ಒಂದಿಷ್ಟು ನೊರೆ ಕೊಡುತ್ತದೆ. ಅವಳಿಗಾಗಿ ಈ ಸಲ ತೆಂಗಿನೆಣ್ಣೆ 500 ಮಾಡಿ, ಆಲಿವ್ 400ಕ್ಕೆ ಇಳಿಸಿದ್ದೇನೆ. ಕಾಸ್ಟಿಕ್ ಲೆಕ್ಕ ಮತ್ತೆ ಮೊದಲಿಂದ ಹಾಕಿದೆ: 145 ಅಲ್ಲ, 150. ಮೊನ್ನೆ ತಾನೆ ಅಟ್ಟಕ್ಕೆ ಹತ್ತಿಸಿದ್ದೇನೆ.