ಇಥಿಯೋಪಿಯದ ಹೋಟೆಲಿಗೆ ಮನೆಯವರನ್ನು ಕರೆದುಕೊಂಡು ಹೋಗುವ ಮುಂಚೆ

ಅಮೆರಿಕದ ವಾಷಿಂಗ್ಟನ್ ಡಿ.ಸಿ. ಕಡೆಗೆ ಹೊಸದಾಗಿ ಬಂದ ಕನ್ನಡದವರು ಹುಟ್ಟುಹಬ್ಬಕ್ಕೋ ಮದುವೆ ವಾರ್ಷಿಕೋತ್ಸವಕ್ಕೋ ಊಟಕ್ಕೆ ಎಲ್ಲಿ ಹೋಗೋಣ ಅಂತ ಕೇಳಿದರೆ, ನಾನು ಇಥಿಯೋಪಿಯದವರ ಹೋಟೆಲಿಗೆ ಹೋಗಿ ಅಂತಲೇ ಹೇಳುತ್ತೇನೆ. 1974ರ ಕ್ರಾಂತಿಯ ನಂತರ ದೇಶ ಬಿಟ್ಟ ಎಷ್ಟೋ ಇಥಿಯೋಪಿಯನ್ನರು ಇಲ್ಲಿ ನೆಲೆಸಿದರು. ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ, ಯು ಸ್ಟ್ರೀಟ್ ಹತ್ತಿರದ 9ನೇ ಬೀದಿ, ಎಲ್ಲಾ ಕಡೆ ಅವರ ಹೋಟೆಲುಗಳಿವೆ. ಟೇಬಲ್ ಬುಕ್ ಮಾಡಿ, ಪಾರ್ಕಿಂಗ್ ವಿಚಾರಿಸಿಕೊಳ್ಳಿ, ಟಿಪ್ ಬಿಲ್ಲಿನಲ್ಲೇ ಸೇರಿದೆಯಾ ನೋಡಿ. ಅಷ್ಟು ಸಾಕು.

ನಾನು ಮಾಡಿದ ತಪ್ಪು ಕೇಳಿ. ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ, ತಿಪಟೂರಿನಿಂದ ಅತ್ತೆ ಮೊದಲ ಸಲ ಬಂದಿದ್ದರು. ಅವರು ಶುದ್ಧ ಸಸ್ಯಾಹಾರಿ. ನಾನು ಎಲ್ಲರಿಗೂ ಸೇರಿಸಿ ಒಂದೇ ದೊಡ್ಡ ತಟ್ಟೆ ಹೇಳಿಬಿಟ್ಟೆ. ಇಂಜೆರಾ ಅಂದರೆ ಅವರ ಹುಳಿ ದೋಸೆ. ಅಗಲವಾದ ಅದರ ಮೇಲೆ ಸುತ್ತಲೂ ಬೇಳೆ, ಪಲ್ಯ, ನಡುವೆ ದೊರೊ ವೊಟ್, ಅಂದರೆ ಮೊಟ್ಟೆ ಹಾಕಿದ ಕೋಳಿ ಸಾರು. ಸಾರು ಹರಿಯುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಪಕ್ಕದಲ್ಲಿ ಸುತ್ತಿಟ್ಟಿದ್ದ ಬರೀ ಇಂಜೆರಾ ಎರಡು ತುಂಡು ತಿಂದು ಅತ್ತೆ "ಸಾಕಮ್ಮ, ಹೊಟ್ಟೆ ತುಂಬಿತು" ಅಂದರು. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದೀಪ ಉರೀತಿತ್ತು. ಒಬ್ಬರೇ ನಿಂತು ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಈಗಲೂ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆದ್ದರಿಂದ ಸಸ್ಯಾಹಾರಿಗಳಿಗೆ ಬೇರೆಯೇ ತಟ್ಟೆ ಹೇಳಿ. "ಯೆತ್ಸೋಮ್ ಬೆಯಾಯ್ನೆತು" ಅಂತ ಕೇಳಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚೆ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಇದು ಅವರ ಆ ವ್ರತದ ಊಟ. ಮಿಸಿರ್ ವೊಟ್ ಮಸೂರ ಬೇಳೆಯದು, ಖಾರ ಜಾಸ್ತಿ. ಮಕ್ಕಳಿಗೆ ಅರಿಶಿನ ಹಾಕಿದ ಬಟಾಣಿ ಬೇಳೆಯ ಕಿಕ್ ಅಲಿಚಾ ಒಳ್ಳೆಯದು. ಕಾಳಿನ ಹಿಟ್ಟು ಕುದಿಸಿ ಮಾಡುವ ಶಿರೋ ತಿಂದರೆ ಹುಬ್ಬಳ್ಳಿ ಕಡೆಯವರಿಗೆ ತೆಳ್ಳಗಿನ ಜುಣಕ ನೆನಪಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಮಾತ್ರ ಧಾರಾಳ, ಅದನ್ನು ಬಿಟ್ಟವರಿದ್ದರೆ ಬಲವಂತ ಮಾಡಬೇಡಿ.

ಇಂಜೆರಾ ಟೆಫ್ ಅನ್ನುವ ಸಣ್ಣ ಕಾಳಿನದು. ಹಿಟ್ಟನ್ನು ನಮ್ಮ ದೋಸೆ ಹಿಟ್ಟಿನ ಹಾಗೇ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಗೋಧಿ ಆಗದವರು ಮೊದಲೇ ಕೇಳಿ, ಇಲ್ಲಿ ಬೇರೆ ಹಿಟ್ಟು ಬೆರೆಸುವುದುಂಟು. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಆ ಎತ್ತರದ ಸೀಮೆಯೇ, ಗೊತ್ತಾ?

ಒಂದೇ ತಟ್ಟೆಗೆ ಎಲ್ಲರೂ ಕೈ ಹಾಕುವುದು ನಮ್ಮ ಹಿರಿಯರಿಗೆ ಕಷ್ಟ. ಎಂಜಲು ಅಲ್ವಾ. ಅವರಿಗೆ ಬೇರೆ ತಟ್ಟೆ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಶಾಲೆಯಲ್ಲಿ ಯಾರಾದರೂ ಆಡಿಕೊಂಡಾರು ಅಂತ ಹೆದರಿ, ಮಗಳಿಗೆ ಮೂರು ವರ್ಷದಿಂದಲೇ ಮನೆಯಲ್ಲೂ ಫೋರ್ಕು, ಚಮಚ ಅಭ್ಯಾಸ ಮಾಡಿಸಿದ್ದೆ. ಅವಳಿಗೆ ಸಾರನ್ನ ಕಲಸಲು ಬರುತ್ತಿರಲಿಲ್ಲ. ಆ ಹೋಟೆಲಿನಲ್ಲಿ ಚೆನ್ನಾಗಿ ಉಡುಪು ತೊಟ್ಟವರೆಲ್ಲ ಕೈಯಲ್ಲೇ ತಿನ್ನುವುದನ್ನು ನೋಡಿ, ಏಳು ವರ್ಷದ ಮಗು ಮೆಲ್ಲಗೆ ಕೇಳಿತು: "ಅಮ್ಮಾ, ಇಲ್ಲಿ ಕೈಲಿ ತಿನ್ನಬಹುದಾ?" ಬೆಳದಿಂಗಳಲ್ಲಿ ಅಜ್ಜಿಯ ಸುತ್ತ ಕೂತು ಕೈತುತ್ತು ತಿಂದು ಬೆಳೆದವಳು ನಾನು. ನನ್ನ ಮಗಳು ಅದಕ್ಕೆ ಅಪ್ಪಣೆ ಕೇಳುತ್ತಿದ್ದಳು.

ಅವರಲ್ಲೂ ಕೈತುತ್ತು ಇದೆ, ಗುರ್ಶಾ ಅನ್ನುತ್ತಾರೆ. ಪ್ರೀತಿಯವರ ಬಾಯಿಗೆ ತುತ್ತು ಇಡುವುದು. ಬಡಿಸುವವರು ನಿಮ್ಮ ಮಗುವಿಗೆ ಕೊಟ್ಟರೆ ದಯವಿಟ್ಟು ತಡೆಯಬೇಡಿ.

ಕಳೆದ ವರ್ಷ ಮಗಳ ಹನ್ನೆರಡನೇ ಹುಟ್ಟುಹಬ್ಬಕ್ಕೆ ಅತ್ತೆ ಮತ್ತೆ ಬಂದಿದ್ದರು. ಈ ಸಲ ಅವರಿಗೇ ಬೇರೆ ತಟ್ಟೆ. ಮಗಳು ಕೈ ತೊಳೆದುಕೊಂಡು ಬಂದು, ಅಜ್ಜಿಯ ತಟ್ಟೆಯಿಂದ ಇಂಜೆರಾ ಮುರಿದು, ಕಿಕ್ ಸುತ್ತಿ ಅವರ ಬಾಯಿಗೆ ಹಿಡಿದಳು. ಅತ್ತೆ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು.

ಕಾಫಿ ಬೇಕಿದ್ದರೆ ಹೋದ ಕೂಡಲೇ ಹೇಳಿಬಿಡಿ. ಎಲ್ಲಾ ಕಡೆ ಮಾಡುವುದಿಲ್ಲ. ಮಾಡುವ ಕಡೆ ಹಸಿ ಬೀಜ ನಮ್ಮೆದುರೇ ಹುರಿದು, ಸಾಂಬ್ರಾಣಿ ಹಾಕಿ, ಮೂರು ಸುತ್ತು ಕೊಡುತ್ತಾರೆ: ಅಬೋಲ್, ತೋನಾ, ಬರಕಾ. ಗಂಟೆ ಹಿಡಿಯುತ್ತದೆ, ಅವಸರ ಮಾಡಬೇಡಿ. ಬಾಣಲೆಯ ಹೊಗೆ ಮೂಗಿಗೆ ಬಡಿದಾಗ ಅತ್ತೆ "ನಮ್ಮಮ್ಮ ಹೀಗೇ ಹುರೀತಿದ್ದಳು" ಅಂದರು. ಮೂರನೇ ಸುತ್ತು ಮುಗಿಯುವವರೆಗೂ ಅವರು ಏಳಲಿಲ್ಲ.