ಒಬ್ಬರಿಗೆ ಪ್ರತ್ಯೇಕ ಅನುಕೂಲ ಮಾಡಿಕೊಡುವಾಗ ಕೆಲಸ ಕೆಡದಂತೆ ನೋಡಿಕೊಳ್ಳುವ ಬಗೆ

ಶಿರಸಿಯ ಅಡಿಕೆ ವಖಾರಿಯಿರಲಿ, ಕಾರವಾರದ ಲೆಕ್ಕಪತ್ರ ಕಚೇರಿಯಿರಲಿ, ಹತ್ತು ಹದಿನೈದು ಮಂದಿ ದುಡಿಯುವಲ್ಲಿ ಒಬ್ಬಿಬ್ಬರಿಗಾದರೂ ಬೇರೆಯವರಿಗಿಲ್ಲದ ಅನುಕೂಲವನ್ನು ಯಜಮಾನರು ಮಾಡಿಕೊಟ್ಟಿರುತ್ತಾರೆ. ತೋಟವಿರುವ ಗುಮಾಸ್ತರಿಗೆ ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಬೆಳಗಿನ ಬಿಡುವು, ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬರುವವರಿಗೆ ಮಳೆಗಾಲದಲ್ಲಿ ಮನೆಯಿಂದಲೇ ಕೆಲಸ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆನಿಸ್ ರೂಸೋ ಅವರು ಇಂಥವನ್ನು ‘ಐ-ಡೀಲ್’ ಎಂದು ಕರೆದು, ಅದರಿಂದ ನೌಕರರಿಗೂ ಸಂಸ್ಥೆಗೂ ಪ್ರಯೋಜನವಿರಬೇಕೆಂಬುದನ್ನು ಅದರ ಲಕ್ಷಣವಾಗಿಯೇ ಹೇಳಿದ್ದಾರೆ. ಒಂದೇ ಕಡೆಗೆ ಲಾಭವಾದರೆ ಅದು ದಾಕ್ಷಿಣ್ಯ, ಇಲ್ಲವೇ ಪಕ್ಷಪಾತ.

ಮೊದಲು ಕೇಳುತ್ತಿರುವುದು ಹಕ್ಕೋ ಅನುಕೂಲವೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಅರ್ಹ ಮಹಿಳೆಯರಿಗೆ 26 ವಾರಗಳವರೆಗಿನ ಹೆರಿಗೆ ರಜೆಯನ್ನು ಕೊಟ್ಟ, ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು, ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಒಪ್ಪುವುದಾದರೆ ಮನೆಯಿಂದ ದುಡಿಯುವ ಏರ್ಪಾಟನ್ನು ಮಾತ್ರ ಇಬ್ಬರ ಒಪ್ಪಂದಕ್ಕೆ ಬಿಟ್ಟಿತು. ಚೌಕಾಶಿಗೆ ಎಡೆಯಿರುವುದು ಈ ಎರಡನೆಯದರಲ್ಲಿ. ರಜೆಯನ್ನೇ ಉಪಕಾರವೆಂಬಂತೆ ಕಾಗದದಲ್ಲಿ ಬರೆಯಬಾರದು.

ಕರಾರಿನಲ್ಲಿ ಹಾಜರಾಗುವ ಹೊತ್ತಿಗಿಂತ ಮುಗಿಯಬೇಕಾದ ಕೆಲಸವೇ ಸ್ಪಷ್ಟವಾಗಿರಬೇಕು. ವಖಾರಿಯ ಲೆಕ್ಕ ಬರೆಯುವವರೊಬ್ಬರು ಎರಡು ತಿಂಗಳು ಹನ್ನೊಂದು ಗಂಟೆಗೆ ಬರುತ್ತೇನೆಂದು ಕೇಳಿದರೆ, ಆ ದಿನದ ಪಟ್ಟಿಗಳನ್ನು (ಬೆಳೆಗಾರರ ಮಾಲಿನ ಮಾರಾಟದ ಬಿಲ್ಲುಗಳನ್ನು) ಅಂದೇ ಸಂಜೆಯೊಳಗೆ ನಮೂದಿಸುವುದು, ಬೆಳೆಗಾರರ ಖಾತೆಗೆ ಹಣ ಜಮಾ ಆಗುವುದು ತಡವಾಗದಿರುವುದು, ಅಡಿಕೆ ಮಾರಾಟದ ಟೆಂಡರ್ ಇರುವ ದಿನ ಎಂದಿನ ಹೊತ್ತಿಗೇ ಬರುವುದು, ತಿಂಗಳ 11ರೊಳಗೆ ಜಿಎಸ್‌ಟಿಯ ಮಾರಾಟ ವಿವರವಾದ ಜಿಎಸ್‌ಟಿಆರ್-1 ಮತ್ತು 20ರೊಳಗೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಸಂಸ್ಥೆಯಾದರೆ ಅದಕ್ಕೆ ಎರಡು ದಿನ ಮೊದಲೇ ಲೆಕ್ಕ ತಾಳೆ ನೋಡಿಡುವುದು ಎಂದು ಬರೆದುಕೊಳ್ಳಬಹುದು. ಅರ್ಧ ಪುಟ ಸಾಕು. ಆರಂಭದ ಮತ್ತು ಮುಕ್ತಾಯದ ತಾರೀಕುಗಳಿರಲಿ. ಕೊಯ್ಲು ಮುಂದೆ ಹೋಗುವುದು ಅಪರೂಪವಲ್ಲವಾದ್ದರಿಂದ ಎಷ್ಟು ದಿನ ವಿಸ್ತರಿಸಬಹುದೆಂಬುದನ್ನೂ ಆಗಲೇ ಸೇರಿಸಿ.

ಬೆಳಿಗ್ಗೆ ಹತ್ತು ಗಂಟೆಗೆ ಪಟ್ಟಿ ಕೇಳಿಕೊಂಡು ಬಂದ ಬೆಳೆಗಾರರಿಗೆ ಉತ್ತರಿಸುವವರು ಯಾರು? ಕರಾರಿಗೆ ಸಹಿ ಹಾಕದ ಪಕ್ಕದ ಮೇಜಿನವರು. ಆದ್ದರಿಂದ ಒಪ್ಪುವ ಮೊದಲೇ ಅವರನ್ನು ಕರೆದು ಕೇಳಬೇಕು, ಅವರ ಮೇಲೆ ಬೀಳುವ ಕೆಲಸಕ್ಕೆ ಬದಲಾಗಿ ಏನನ್ನು ಇಳಿಸುತ್ತೀರೆಂದು ಹೇಳಬೇಕು. ಗುಟ್ಟಾಗಿಟ್ಟ ಅನುಕೂಲವು ಎರಡೇ ದಿನಗಳಲ್ಲಿ ಚಹಾದ ಹೊತ್ತಿನ ಮಾತಾಗುತ್ತದೆ, ಆಮೇಲೆ ಉಳಿದವರ ಕೈಯೂ ನಿಧಾನವಾಗುತ್ತದೆ. ಮುಂದೆ ತಮಗೂ ಇಂಥದು ದೊರೆಯಬಹುದೆಂಬ ಭರವಸೆಯಿದ್ದ ಸಹೋದ್ಯೋಗಿಗಳು ಮತ್ತೊಬ್ಬರ ಏರ್ಪಾಟನ್ನು ಒಪ್ಪುವ ಸಂಭವ ಹೆಚ್ಚೆಂಬುದು ಅಧ್ಯಯನಗಳಲ್ಲಿಯೂ ಕಂಡಿದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಕೊಯ್ಲಿನ ಕಾರಣ ಕೊಟ್ಟು ಬಿಡುವು ಕೇಳಬಲ್ಲವರು ತೋಟವುಳ್ಳವರು ಮಾತ್ರ. ಬಾಡಿಗೆ ಮನೆಯಲ್ಲಿದ್ದು ತಾಯಿಯನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ಹಮಾಲರು ಕೇಳುವುದಕ್ಕೇ ಸಂಕೋಚಪಡುತ್ತಾರೆ. ಅಂಥವರನ್ನು ಯಜಮಾನರೇ ಮುಂದಾಗಿ ವಿಚಾರಿಸುವುದು ಉತ್ತಮ.

ಸಂಬಳದ ವಿಷಯವನ್ನು ಇದರೊಂದಿಗೆ ಬೆರೆಸದಿರಿ. ಹೊಸ ಕೆಲಸ ಕಲಿಸುವ ಏರ್ಪಾಟಾದರೆ ಇನ್ನೊಂದು ಎಚ್ಚರ ಬೇಕು. ಜರ್ಮನಿಯ ಸರ್ಕಾರಿ ನೌಕರರನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮಯದ ಸಡಿಲಿಕೆ ಪಡೆದವರಲ್ಲಿ ಮನೆ–ಕಚೇರಿಗಳ ಜಗ್ಗಾಟ ಕಡಿಮೆಯಿತ್ತು. ಕಲಿಕೆಯ ಅವಕಾಶ ಪಡೆದವರಲ್ಲಿ ಸಂಸ್ಥೆಯ ಮೇಲಿನ ಅಭಿಮಾನದೊಂದಿಗೆ ಆ ಜಗ್ಗಾಟವೂ ಹೆಚ್ಚಿತ್ತು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಕಲಿಯಲು ಕಳುಹಿಸುವವರು ಕಲಿಯುವ ಹೊತ್ತನ್ನೂ ಕೆಲಸದ ಹೊತ್ತಿನೊಳಗೇ ಕೊಡಬೇಕು.

ಮುಕ್ತಾಯದ ದಿನ ಇಬ್ಬರೂ ಕುಳಿತು ನಮೂದುಗಳ ತಾರೀಕುಗಳನ್ನು ನೋಡಿ. ತಡವಾಗಿದ್ದರೆ ಏರ್ಪಾಟನ್ನೇ ದೂರುವ ಮುನ್ನ ಆ ವಾರದ ಆವಕವನ್ನು ಪರಿಶೀಲಿಸಿ. ಮಾಲು ಎರಡು ಪಟ್ಟು ಬಂದ ವಾರದಲ್ಲಿ, ಒಂಬತ್ತಕ್ಕೇ ಬಂದು ಕುಳಿತವರ ಲೆಕ್ಕವೂ ಹಿಂದೆ ಬಿದ್ದಿರುತ್ತದೆ.